ಹೊಸ ಬೀಡಿನ ಅಚ್ಚಲ್ಲಿ ಸೀಸದ ಗುಂಡು ಹೊಯ್ಯೋದು: ಅಚ್ಚಿನ ಕೆಲಸ ಎಷ್ಟು, ಶಾಖದ ಕೆಲಸ ಎಷ್ಟು?

1776ರ ಜುಲೈ 9ಕ್ಕೆ ನ್ಯೂಯಾರ್ಕಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಓದಿದ್ರು. ಕೇಳಿಸ್ಕೊಂಡ ಜನ ಸೀದಾ ಬೌಲಿಂಗ್ ಗ್ರೀನ್‌ಗೆ ನುಗ್ಗಿ, ಅಲ್ಲಿ ಕುದುರೆ ಮೇಲೆ ಕೂತಿದ್ದ ಮೂರನೇ ಜಾರ್ಜ್ ದೊರೆ ಪ್ರತಿಮೆಗೆ ಹಗ್ಗ ಹಾಕಿ ಎಳೆದು ಕೆಡವಿಬಿಟ್ರು. ಪ್ರತಿಮೆ ಒಳಗೆ ಸೀಸ, ಮೇಲೆ ಮಾತ್ರ ಚಿನ್ನದ ಲೇಪ. ಅದರ ತುಂಡುಗಳಲ್ಲಿ ಸುಮಾರು ಭಾಗ ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಅನ್ನೋ ಊರಲ್ಲಿ ಆಲಿವರ್ ವೋಲ್ಕಾಟ್ ಅನ್ನೋ ನಾಯಕರ ಮನೆಗೆ ಬಂತು, ಅಲ್ಲಿ ಮನೆಯವರು, ಅಕ್ಕಪಕ್ಕದ ಹೆಂಗಸರು ಸೇರ್ಕೊಂಡು ಅದನ್ನ ಕರಗಿಸಿ ಗುಂಡು ಹೊಯ್ದು ತೋಟಾ ಕಟ್ಟಿದ್ರು. ಯಾರು ಎಷ್ಟು ಮಾಡಿದ್ರು ಅಂತ ಪಟ್ಟಿ ಈಗಲೂ ಇದೆ. ರೂತ್ ಮಾರ್ವಿನ್ 11,592, ವೋಲ್ಕಾಟ್ ಮಗಳು ಮೇರಿ ಆನ್ 10,790, ಇನ್ನೊಬ್ಬ ಮಗಳು ಲಾರಾ 8,378, ಇನ್ನೂ 9 ವರ್ಷ ತುಂಬದ ಹುಡುಗ ಫ್ರೆಡರಿಕ್ 936. ಉಳಿದವರದ್ದೂ ಸೇರಿ ಒಟ್ಟು 42,088. ಬ್ರಿಟಿಷ್ ದೊರೆ ಪ್ರತಿಮೆ ಬ್ರಿಟಿಷ್ ಸೈನಿಕರ ಮೇಲೇ ಗುಂಡಾಗಿ ವಾಪಸ್ ಹೋಯ್ತು ಅಂತ ಅಮೆರಿಕನ್ನರು ಈ ಕಥೆನ ಇವತ್ತಿಗೂ ಖುಷಿಯಿಂದ ಹೇಳ್ತಾರೆ.

ಮನೆಲೇ ಗುಂಡು ಹೊಯ್ಯೋದು ಅಲ್ಲಿ ಅಷ್ಟು ಹಳೇ ಅಭ್ಯಾಸ, ಈಗ್ಲೂ ಬಿಟ್ಟಿಲ್ಲ. ಗ್ಯಾರೇಜ್ ಮೂಲೇಲಿ ಸೀಸ ಕರಗಿಸೋ ಒಂದು ಎಲೆಕ್ಟ್ರಿಕ್ ಪಾಟ್, ಒಂದು ಅಚ್ಚು, ಒಂದಷ್ಟು ಸೀಸ ಇಟ್ಕೊಂಡು ಚಳಿಗಾಲ ಕಳೆಯೋ ರಿಟೈರ್ಡ್ ಜನ ಅಲ್ಲಿ ಬೇಕಾದಷ್ಟು ಇದಾರೆ. ನನಗೆ ಬಂದೂಕಿಗಿಂತ ಎರಕದ ಕಡೆ ಜಾಸ್ತಿ ಒಲವು, ಬೆಳಗಾವಿ ಕಡೆ ಫೌಂಡ್ರಿ ನೋಡ್ಕೊಂಡು ಬೆಳೆದೋರಿಗೆ ಕರಗಿದ ಲೋಹ ಕಂಡ್ರೆ ಸುಮ್ನೆ ದಾಟ್ಕೊಂಡು ಹೋಗಕ್ಕಾಗಲ್ಲ. ಹಾಗಾಗಿ ಹೇಳಿ ಮಾಡಿಸಿದ ಬೀಡಿನ (ಎರಕದ ಕಬ್ಬಿಣದ) ಅಚ್ಚು ಒಂದನ್ನ ಮೊದಲ ಸಲ ಬಿಸಿ ಮಾಡಿ ಟೆಸ್ಟ್ ಮಾಡುವಾಗ ಒಳಗೆ ಏನೇನು ನಡೆಯತ್ತೆ ಅಂತ ಬಿಡಿಸಿ ಹೇಳೋಣ ಅನ್ನಿಸ್ತು.

ಅದಕ್ಕೂ ಮುಂಚೆ ಊರಲ್ಲಿ ಕೂತು ಓದೋರಿಗೆ ಒಂದು ಮಾತು. ಇದು ಅಮೆರಿಕದ ವಿಷಯ, ಅಲ್ಲಿ ಇದು ಕಾನೂನುಬದ್ಧ ಹವ್ಯಾಸ. ಭಾರತದಲ್ಲಿ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಇಲ್ದೆ ಮದ್ದುಗುಂಡು ತಯಾರಿಸೋ ಹಾಗಿಲ್ಲ, ಅಷ್ಟೇ ಅಲ್ಲ, ಆ ಕಾಯ್ದೆಯಲ್ಲಿ ಮದ್ದುಗುಂಡು ಅಂದ್ರೆ ಏನು ಅಂತ ಹೇಳೋ ಜಾಗದಲ್ಲಿ ಅದರ ಬಿಡಿಭಾಗ, ಅದನ್ನ ತಯಾರಿಸೋ ಯಂತ್ರ ಕೂಡ ಸೇರ್ಕೊಂಡಿದೆ. ಅಂದ್ರೆ ಬರೀ ಅಚ್ಚು ಮನೇಲಿಟ್ಕೊಂಡ್ರೂ ತಲೆನೋವೇ. "ಕೊಡಗಿನೋರಿಗೆ ವಿನಾಯ್ತಿ ಇದೆಯಲ್ಲ" ಅಂತ ಕೇಳ್ತೀರೇನೋ. ಇದೆ, ಕೊಡವರಿಗೆ ಮತ್ತೆ ಜಮ್ಮಾ ಹಿಡುವಳಿದಾರರಿಗೆ ಬಂದೂಕು ಇಟ್ಕೊಳ್ಳೋಕೆ ಲೈಸೆನ್ಸಿಂದ ವಿನಾಯ್ತಿ ಇದೆ, ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡೋದನ್ನ ನೀವೂ ನೋಡಿರ್ತೀರ. ಆದ್ರೆ ಆ ವಿನಾಯ್ತಿ ಇರೋದು ಕೋವಿ ಇಟ್ಕೊಳ್ಳೋಕೆ, ಮದ್ದುಗುಂಡು ತಯಾರಿಸೋಕಲ್ಲ. ಹಾಗಾಗಿ ಇದನ್ನ ಲೋಹದ ಕಥೆ ಅಂತ ಓದಿ, ಮಾಡೋಕೆ ಹೋಗ್ಬೇಡಿ.

ಸರಿ, ಅಂಗಡೀಲಿ ರೆಡಿಮೇಡ್ ಗುಂಡು ಸಿಗುವಾಗ ಜನ ಯಾಕೆ ಹೊಯ್ತಾರೆ? ಕೆಲವರಿಗೆ ದುಡ್ಡು ಉಳಿಸೋ ಆಸೆ (ಉಳಿಯಲ್ಲ, ಉಳಿದಿದ್ದೆಲ್ಲ ಇನ್ನೊಂದು ಅಚ್ಚಿಗೆ ಹೋಗತ್ತೆ). ಅಸಲಿ ಕಾರಣ ಹಳೇ ಬಂದೂಕು. ಉದಾಹರಣೆಗೆ 45-70 ತಗೊಳಿ, 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ತೋಟಾ ಅದು, 45 ಅನ್ನೋದು ಕ್ಯಾಲಿಬರ್, 70 ಅನ್ನೋದು ಅದ್ರಲ್ಲಿ ತುಂಬ್ತಿದ್ದ ಕರಿಮದ್ದು ಎಷ್ಟು ಗ್ರೇನ್ ಅನ್ನೋದು. ಒಂದು ಪೌಂಡಿಗೆ 7000 ಗ್ರೇನ್, ಅಂದ್ರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಈ ಬಂದೂಕಿಟ್ಕೊಂಡು ಈಗಲೂ ಸಿಲ್ಹೂಟ್ ಅನ್ನೋ ಪಂದ್ಯ ಆಡ್ತಾರೆ, ಕಬ್ಬಿಣದ ತಗಡಲ್ಲಿ ಕತ್ತರಿಸಿದ ಕೋಳಿ 200 ಮೀಟರ್‌ಗೆ, ಹಂದಿ 300ಕ್ಕೆ, ಟರ್ಕಿ 385ಕ್ಕೆ, ಟಗರು 500ಕ್ಕೆ. ಟಗರಿಗೆ ಗುಂಡು ತಾಕಿದ್ರೆ ಸಾಲದು, ಅದು ಉರುಳಿ ಬೀಳ್ಬೇಕು. ಅದಕ್ಕೆ 500 ಗ್ರೇನ್ ತೂಕದ, ಅಂದ್ರೆ 32 ಗ್ರಾಂ ಚಿಲ್ಲರೆ ಇರೋ ದೊಡ್ಡ ಸೀಸದ ಗುಂಡು ಬೇಕು. ನಿಮ್ಮ ಬಂದೂಕಿನ ನಳಿಗೆಗೆ ಸರಿಯಾಗಿ ಕೂರೋ ಗುಂಡು ಅಂಗಡೀಲಿ ಸಿಕ್ರೆ ಅದೃಷ್ಟ, ಯಾಕಂದ್ರೆ ಆ ಕಾಲದ ನಳಿಗೆಗಳ ಅಳತೆ ಒಂದಕ್ಕೊಂದು ತಾಳೆ ಆಗಲ್ಲ.

ಇಲ್ಲೇ ಹೇಳಿ ಮಾಡಿಸಿದ ಅಚ್ಚಿನ ವಿಷಯ ಬರೋದು. ಫ್ಯಾಕ್ಟರಿ ಅಚ್ಚುಗಳು ಹೊಸದೇನಲ್ಲ, ಜಾನ್ ಬಾರ್ಲೋ ಅನ್ನೋರು 1884ರಲ್ಲೇ ಐಡಿಯಲ್ ಅನ್ನೋ ಕಂಪನಿ ಶುರು ಮಾಡಿ ಅಚ್ಚು ಮಾರ್ತಿದ್ರು, 1925ರಲ್ಲಿ ಲೈಮನ್ ಕಂಪನಿ ಅದನ್ನ ಕೊಂಡ್ಕೊಳ್ತು, ಲೈಮನ್ ಅಚ್ಚು ಈಗ್ಲೂ ಸಿಗತ್ತೆ. ಇವನ್ನ ಕೊರೆಯೋ ಹಳೇ ಪದ್ಧತಿ ಹೇಗೆ ಅಂದ್ರೆ, ಗುಂಡಿನ ಆಕಾರದಲ್ಲೇ ಒಂದು ಕಟರ್ ಮಾಡ್ತಾರೆ, ಅದಕ್ಕೆ ಚೆರಿ ಅಂತಾರೆ. ಅದು ಗಿರಗಿರ ತಿರುಗ್ತಾ ಇರುವಾಗ ಎರಡೂ ಕಡೆಯಿಂದ ಬೀಡಿನ ಎರಡು ಹೋಳುಗಳನ್ನ ನಿಧಾನಕ್ಕೆ ಅದರ ಮೇಲೆ ಒತ್ತುತ್ತಾ ಬರ್ತಾರೆ, ಹೋಳು ಪೂರ್ತಿ ಮುಚ್ಚಿಕೊಂಡಾಗ ಒಳಗೆ ಗುಂಡಿನ ಆಕಾರದ ಕುಳಿ ರೆಡಿ. ಚೆಂದದ ಕೆಲಸವೇ, ಆದ್ರೆ ಚೆರಿ ಸವೀತಾ ಹೋಗತ್ತೆ, ಹೊಸ ಚೆರಿಯಲ್ಲಿ ಕೊರೆದ ಅಚ್ಚು ದಪ್ಪ ಗುಂಡು ಕೊಡತ್ತೆ, ಸವೆದ ಚೆರಿದು ತೆಳ್ಳಗಿನ ಗುಂಡು ಕೊಡತ್ತೆ, ಡಬ್ಬದ ಮೇಲೆ ಮಾತ್ರ ಎರಡಕ್ಕೂ ಒಂದೇ ನಂಬರ್. ಹೇಳಿ ಮಾಡಿಸೋ ಕಡೆ ಬಹಳಷ್ಟು ಜನ ಈಗ ಎರಡು ಹೋಳನ್ನೂ ಜೋಡಿಸಿ ಲೇತಿಗೆ ಕಟ್ಟಿ ಒಳಗಿಂದ ಬೋರ್ ಮಾಡ್ತಾರೆ, ಇದ್ರಲ್ಲಿ ನೀವು ಕೇಳಿದ ಅಳತೆನೇ ಸಿಗತ್ತೆ, ಗುಂಡಿನ ಮೈ ಸುತ್ತ ಗ್ರೂವ್ ಅಂದ್ರೆ ಗಾಡಿ ಎಷ್ಟು, ಮೂತಿ ಚೂಪಾ ಮೊಂಡಾ ಎಲ್ಲ ನಿಮ್ಮಿಷ್ಟ.

ಕೇಳೋಕೆ ಮುಂಚೆ ನಳಿಗೆ ಅಳೀಬೇಕು. ಮೆತ್ತಗಿನ ಸೀಸದ ತುಂಡೊಂದನ್ನ ಎಣ್ಣೆ ಹಚ್ಚಿ ಖಾಲಿ ನಳಿಗೆಯಲ್ಲಿ ಕಡ್ಡಿಯಿಂದ ದಬ್ಬಿ ಈಚೆ ತೆಗೀತಾರೆ, ಅದರ ಮೇಲೆ ನಳಿಗೆ ಒಳಗಿನ ಗೀರುಗಳ ಅಚ್ಚು ಬಿದ್ದಿರತ್ತೆ, ಮೈಕ್ರೋಮೀಟರಲ್ಲಿ ಅದರ ಅಗಲ ನೋಡ್ತಾರೆ. 0.458 ಇಂಚು ಬಂತು ಅನ್ಕೊಳಿ, ಗುಂಡು ಅದಕ್ಕಿಂತ ಒಂದೆರಡು ಥೌ ದಪ್ಪ ಇರ್ಬೇಕು, ಅಂದ್ರೆ 0.459 ಇಲ್ಲ 0.460. ಥೌ ಅಂದ್ರೆ ಇಂಚಿನ ಸಾವಿರದಲ್ಲಿ ಒಂದು ಪಾಲು, ವರ್ಕ್‌ಶಾಪಿನೋರಿಗೆ ಇದನ್ನ ಹೇಳ್ಬೇಕಿಲ್ಲ. ಗುಂಡು ತೆಳ್ಳಗಾದ್ರೆ ಬಿಸಿ ಗ್ಯಾಸು ಪಕ್ಕದಿಂದ ನುಸುಳಿ ಸೀಸವನ್ನ ಕೊರೆದು ನಳಿಗೆಗೆ ಮೆತ್ತತ್ತೆ, ಆಮೇಲೆ ಅದನ್ನ ಕೆರೆದು ತೆಗೆಯೋದೇ ಒಂದು ದಿನದ ಕೆಲಸ. ತುಂಬಾ ಜನ ಸೀಸ ಮೆತ್ಕೊಂಡ್ರೆ "ಗುಂಡು ಮೆತ್ತಗಾಯ್ತು, ಗಟ್ಟಿ ಮಾಡ್ಬೇಕು" ಅಂತಾರೆ. ನನ್ನ ಪ್ರಕಾರ ಹತ್ತರಲ್ಲಿ ಎಂಟು ಸಲ ತಪ್ಪು ಅಳತೇದು, ಗಟ್ಟಿತನದ್ದಲ್ಲ.

ಆರ್ಡರ್ ಕೊಡುವಾಗ ಅಚ್ಚು ಮಾಡೋರು ಕೇಳೋ ಪ್ರಶ್ನೆ ಒಂದಿದೆ, ಹೊಸಬರಿಗೆ ಅದು ವಿಚಿತ್ರ ಅನ್ಸತ್ತೆ: "ಯಾವ ಅಲಾಯ್ (ಮಿಶ್ರಲೋಹ) ಹೊಯ್ತೀರ?" ಕುಳಿ ಅಳತೆ ಹೇಳಿದೀನಲ್ಲ, ಅದರೊಳಗೆ ಏನು ಹೊಯ್ದ್ರೆ ನಿಮಗೇನು ಅನ್ಸತ್ತೆ. ಆದ್ರೆ ಇಡೀ ವಿಷಯದ ಕೀಲಿ ಇರೋದೇ ಅಲ್ಲಿ. ಕುಳಿ ಅಳತೆ ಬೇರೆ, ಈಚೆ ಬೀಳೋ ಗುಂಡಿನ ಅಳತೆ ಬೇರೆ, ನಡುವೆ ಲೋಹ ಕುಗ್ಗತ್ತೆ. ಸೀಸ ಗಟ್ಟಿಯಾಗೋದು 327 ಡಿಗ್ರಿ ಸೆಲ್ಸಿಯಸ್ಸಲ್ಲಿ. ಅಲ್ಲಿಂದ ಕೋಣೆಯ ತಾಪಕ್ಕೆ ಇಳಿಯೋ ಹೊತ್ತಿಗೆ ಅದು ಉದ್ದಗಲದಲ್ಲಿ ಸುಮಾರು ನೂರಕ್ಕೆ 0.9ರಷ್ಟು ಕುಗ್ಗತ್ತೆ. ಅಚ್ಚೂ ಸುಮ್ನಿರಲ್ಲ, 200 ಡಿಗ್ರಿಗೆ ಕಾದ ಬೀಡು ನೂರಕ್ಕೆ 0.2ರಷ್ಟು ಹಿಗ್ಗಿರತ್ತೆ. ಕಳೆದು ನೋಡಿದ್ರೆ 0.7ರ ಹತ್ರ ಕುಗ್ಗಿದ ಹಾಗೆ, 45 ಕ್ಯಾಲಿಬರ್ ಗುಂಡಿಗೆ ಅದು ಮೂರು ಥೌ ಆಯ್ತು. ಅದಕ್ಕೆ ಅಚ್ಚು ಮಾಡೋರು ಅಷ್ಟು ಜಾಸ್ತಿ ಕೊರೆದಿರ್ತಾರೆ.

ಈಗ ಅದೇ ಕುಳಿಗೆ ಲೈನೋಟೈಪ್ ಲೋಹ ಹೊಯ್ಯಿ. ಹಳೇ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಅಕ್ಷರದ ಸಾಲು ಎರಕ ಹೊಯ್ತಿದ್ದ ಲೋಹ ಅದು, 84 ಪಾಲು ಸೀಸ, 12 ಆಂಟಿಮನಿ, 4 ತವರ. ಇದು ಪೂರ್ತಿ ಗಟ್ಟಿಯಾಗೋದೇ 240 ಡಿಗ್ರಿ ಸುತ್ತಮುತ್ತ. ಅಷ್ಟು ಕೆಳಗಿನ ತಾಪದಿಂದ ತಣ್ಣಗಾಗೋಕೆ ಶುರು ಮಾಡಿದ್ರೆ ಕುಗ್ಗೋಕೆ ಉಳಿದಿರೋ ದಾರಿನೇ ಕಮ್ಮಿ. ಹಾಗಾಗಿ ಅದೇ ಅಚ್ಚಿಂದ ಬಿದ್ದ ಲೈನೋಟೈಪ್ ಗುಂಡು ಮೆತ್ತಗಿನ ಸೀಸದ ಗುಂಡಿಗಿಂತ ಒಂದೆರಡು ಥೌ ದಪ್ಪ. ತೂಕ ಉಲ್ಟಾ, ಆಂಟಿಮನಿ ತವರ ಎರಡೂ ಸೀಸಕ್ಕಿಂತ ಹಗುರ, ಹಾಗಾಗಿ 20 ಪಾಲು ಸೀಸಕ್ಕೆ 1 ಪಾಲು ತವರ ಹಾಕಿದ ಅಲಾಯಲ್ಲಿ 500 ಗ್ರೇನ್ ತೂಗೋ ಗುಂಡು ಲೈನೋಟೈಪಲ್ಲಿ 465ರ ಆಸುಪಾಸು ತೂಗತ್ತೆ. ಅಚ್ಚಿನ ಮೇಲೆ ಕೆತ್ತಿರೋ ತೂಕ ಮತ್ತೆ ಅಳತೆ ಯಾವುದೋ ಒಂದು ಅಲಾಯ್‌ಗೆ ಮಾತ್ರ ನಿಜ. ಇದು ಗೊತ್ತಿಲ್ದೆ "ಅಚ್ಚು ತಪ್ಪು ಮಾಡಿ ಕಳ್ಸಿದಾರೆ" ಅಂತ ಜಗಳ ತೆಗೆದೋರು ಕಮ್ಮಿ ಏನಿಲ್ಲ.

ಅಲಾಯ್‌ನಲ್ಲಿ ಯಾರ ಕೆಲಸ ಏನು ಅಂತ ಎರಡು ಮಾತು. ಬರೀ ಸೀಸದ ಗಟ್ಟಿತನ ಬ್ರಿನೆಲ್ ಅಳತೇಲಿ 5, ಲೈನೋಟೈಪ್‌ದು 22, ನಡುವೆ ಲೈಮನ್ ನಂಬರ್ 2 ಅಂತ ಪ್ರಸಿದ್ಧವಾದ 90-5-5 ಅಲಾಯ್ (90 ಪಾಲು ಸೀಸ, ತವರ ಆಂಟಿಮನಿ ತಲಾ 5) ಇದೆ, ಅದು 15. ಗಟ್ಟಿ ಮಾಡೋದು ಮುಖ್ಯವಾಗಿ ಆಂಟಿಮನಿ. ತವರ ಬೇರೆ ಥರ, ಅದು ಕರಗಿದ ಲೋಹವನ್ನ ಕುಳಿಯ ಮೂಲೆಮೂಲೆಗೂ ಹರಿಯೋ ಹಾಗೆ ಮಾಡತ್ತೆ. ನಮ್ಮಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕೋರು ಬಿಸಿ ಪಾತ್ರೆಗೆ ಇಷ್ಟೇ ಇಷ್ಟು ತವರ ತಾಗಿಸಿ ಹತ್ತೀಲಿ ಒಂದು ಸುತ್ತು ಉಜ್ಜಿದ್ರೆ ಒಳಗೆಲ್ಲ ಬೆಳ್ಳಗಾಗ್ತಿತ್ತಲ್ಲ, ಹರಡೋ ಗುಣ ಅಂದ್ರೆ ಅದೇ. ನೂರಕ್ಕೆ ಎರಡು ಪಾಲು ತವರ ಸಾಕು, ಜಾಸ್ತಿ ಸುರಿದ್ರೆ ದುಡ್ಡು ದಂಡ, ತವರದ ರೇಟು ಸೀಸದ ಥರ ಅಲ್ಲ.

ಇನ್ನು ಅಚ್ಚು ಬೀಡಿಂದೇ ಯಾಕೆ? ಅಲ್ಯೂಮಿನಿಯಂ, ಹಿತ್ತಾಳೆ ಅಚ್ಚುಗಳೂ ಸಿಗತ್ತೆ. ಅಲ್ಯೂಮಿನಿಯಂ ಹಗುರ, ಬೇಗ ಕಾಯತ್ತೆ, ತುಕ್ಕು ಹಿಡಿಯಲ್ಲ, ಆದ್ರೆ ಮೆತ್ತಗೆ, ಸ್ವಲ್ಪ ಒರಟಾಗಿ ಮುಚ್ಚಿದ್ರೆ ಜೋಡಣೆ ಪಿನ್ನು ತೂತನ್ನೇ ಅಗಲ ಮಾಡ್ಬಿಡತ್ತೆ. ಹಿತ್ತಾಳೆ ಭಾರ, ನೋಡೋಕೆ ಲಕ್ಷಣ, ಆದ್ರೆ ವಿಪರೀತ ಕಾದ್ರೆ ಅಲಾಯ್‌ನಲ್ಲಿರೋ ತವರ ಅದಕ್ಕೇ ಬೆಸುಗೆ ಹಾಕ್ಕೊಂಡು ಕೂರೋ ಭಯ. ಬೀಡಿಗೆ ಆ ಭಯ ಇಲ್ಲ, ಗಟ್ಟಿಮುಟ್ಟು, ಸರಿಯಾಗಿ ನೋಡ್ಕೊಂಡ್ರೆ ಮೊಮ್ಮಕ್ಕಳ ಕಾಲಕ್ಕೂ ಬರತ್ತೆ. ದೋಸೆ ಕಾವಲಿ ಲೆಕ್ಕ: ಬೀಡಿನ ಕಾವಲಿ ಕಾಯೋಕೆ ಸತಾಯ್ಸತ್ತೆ, ಒಂದ್ಸಲ ಹದಕ್ಕೆ ಬಂದ್ಮೇಲೆ ದೋಸೆ ತಾನಾಗೇ ಏಳತ್ತೆ, ತೊಳೆದು ಒದ್ದೆ ಬಿಟ್ರೆ ಬೆಳಗ್ಗೆಗೆ ತುಕ್ಕು.

ಕಾಯೋಕೆ ಸತಾಯ್ಸತ್ತೆ ಅಂದ್ನಲ್ಲ, ಎಷ್ಟು ಅಂತ ಲೆಕ್ಕ ಹಾಕಿ ನೋಡೋಣ, ಯಾಕಂದ್ರೆ ಹೊಸ ಅಚ್ಚು ಟೆಸ್ಟ್ ಮಾಡೋದು ಅಂದ್ರೆ ಅರ್ಧಕ್ಕರ್ಧ ಇದೇ. 500 ಗ್ರೇನ್ ಗುಂಡು, ಮೇಲೆ ಉಳಿಯೋ ಸ್ಪ್ರೂ ಅಂದ್ರೆ ಹೆಚ್ಚುವರಿ ತುಣುಕು ಸೇರಿ ಒಂದು ಸಲಕ್ಕೆ 40 ಗ್ರಾಂ ಲೋಹ ಅನ್ಕೊಳಿ. 385 ಡಿಗ್ರೀಲಿ ಹೊಯ್ದಿದ್ದು 200ಕ್ಕೆ ಇಳಿಯುವಾಗ ಗ್ರಾಂಗೆ 47 ಜೂಲ್ ಹತ್ರ ಶಾಖ ಬಿಡತ್ತೆ, ಅದ್ರಲ್ಲಿ ಅರ್ಧದಷ್ಟು ಗಟ್ಟಿಯಾಗುವಾಗ ಬಿಡೋ ಗುಪ್ತ ಶಾಖವೇ. ಒಟ್ಟು ಎರಡು ಕಿಲೋಜೂಲ್‌ಗೆ ಸ್ವಲ್ಪ ಕಮ್ಮಿ. ಅಚ್ಚಿನ ಹೋಳುಗಳು 700 ಗ್ರಾಂ ಇದ್ರೆ ಅದನ್ನ ಒಂದು ಡಿಗ್ರಿ ಏರಿಸೋಕೆ 320 ಜೂಲ್ ಬೇಕು. ಭಾಗಿಸಿದ್ರೆ ಒಂದು ಸಲ ಹೊಯ್ದಿದ್ದಕ್ಕೆ ಅಚ್ಚು ಏರೋದು ಆರು ಡಿಗ್ರಿ! ಅಚ್ಚು ಕೆಲಸ ಮಾಡೋ ತಾಪ 200 ಡಿಗ್ರಿ ಆಸುಪಾಸು, ತಣ್ಣಗಿನ ಅಚ್ಚಿಂದ ಶುರು ಮಾಡಿದ್ರೆ ಗಾಳಿಗೆ ಒಂಚೂರೂ ಶಾಖ ಹೋಗಲ್ಲ ಅಂದ್ಕೊಂಡ್ರೂ ಮೂವತ್ತು ಗುಂಡು ವೇಸ್ಟು. ನಿಜದಲ್ಲಿ ಗಾಳಿಗೂ ಹೋಗತ್ತೆ, ಹ್ಯಾಂಡಲ್‌ಗೂ ಹೋಗತ್ತೆ, ನಿಧಾನಕ್ಕೆ ಹೊಯ್ಯೋರು ಎಷ್ಟು ಹೊಯ್ದ್ರೂ ಆ ತಾಪ ಮುಟ್ಟೋದೇ ಇಲ್ಲ. ಅದಕ್ಕೆ ಅನುಭವಸ್ಥರು ಪಕ್ಕದಲ್ಲಿ ಒಂದು ಹಾಟ್‌ಪ್ಲೇಟ್ ಇಟ್ಟು ಅಚ್ಚನ್ನ ಮೊದಲೇ ಕಾಯಿಸ್ಕೋತಾರೆ.

ಈ ಲೆಕ್ಕದಿಂದ ಇನ್ನೊಂದು ವಿಷಯನೂ ಹೊರಬೀಳತ್ತೆ. ಅಚ್ಚಿನ ತಾಪವನ್ನ ನಿಲ್ಲಿಸಿ ಇಡೋದು ಪಾಟ್‌ನ ಥರ್ಮೋಸ್ಟಾಟ್ ಅಲ್ಲ, ನಿಮ್ಮ ಕೈ ವೇಗ. ನಿಮಿಷಕ್ಕೆ ಎಷ್ಟು ಸಲ ಹೊಯ್ತೀರ ಅನ್ನೋದು ಒಳಗೆ ಹೋಗೋ ಶಾಖ, ಎಷ್ಟು ಹೊತ್ತು ತೆರೆದಿಡ್ತೀರ ಅನ್ನೋದು ಹೊರಗೆ ಹೋಗೋ ಶಾಖ. ಮಧ್ಯೆ ಫೋನ್ ಬಂತು ಅಂತ ಎದ್ದು ಹೋದ್ರೆ ವಾಪಸ್ ಬಂದಾಗ ಮೊದಲ ಐದಾರು ಗುಂಡು ಸುಕ್ಕು ಸುಕ್ಕು. ಗುಂಡನ್ನ ನೋಡೀ ನೋಡೀ ಆರಿಸ್ತಾ ಕೂರೋರಿಗೂ ಇದೇ ಗತಿ, ನೋಡೋದೆಲ್ಲ ಕೊನೇಲಿ ಇಟ್ಕೊಳ್ಬೇಕು, ಹೊಯ್ಯುವಾಗ ಹೊಯ್ತಾನೇ ಇರ್ಬೇಕು.

ಹೊಸ ಅಚ್ಚು ಡಬ್ಬದಿಂದ ಬಂದಾಗ ತುಕ್ಕು ಹಿಡೀಬಾರ್ದು ಅಂತ ಎಣ್ಣೆ ಬಳಿದಿರ್ತಾರೆ. ಆ ಎಣ್ಣೆ ಪೂರ್ತಿ ಹೋಗ್ಬೇಕು. ಬ್ರೇಕ್ ಕ್ಲೀನರ್ ಹೊಡೆದು, ಪಾತ್ರೆ ಸೋಪು ಹಾಕಿ ಹಳೇ ಟೂತ್‌ಬ್ರಶಲ್ಲಿ ಬಿಸಿನೀರಲ್ಲಿ ಉಜ್ಜಿ, ತಕ್ಷಣ ಒಣಗಿಸ್ಬೇಕು. ಒಂದು ಹನಿ ಎಣ್ಣೆ ಉಳಿದ್ರೂ ಕರಗಿದ ಸೀಸ ತಾಗಿದಾಗ ಅದು ಆವಿಯಾಗಿ ಲೋಹ ಗೋಡೆಗೆ ಅಂಟದ ಹಾಗೆ ತಡೆಯತ್ತೆ, ಗುಂಡಿನ ಮೈ ಮೇಲೆ ಒಣದ್ರಾಕ್ಷಿ ಥರ ಗೆರೆ ಬೀಳತ್ತೆ. ಹೋಳುಗಳನ್ನ ಮುಚ್ಚಿ ಬೆಳಕಿಗೆ ಹಿಡಿದು ನೋಡಿ, ಸಂದಿಯಿಂದ ಬೆಳಕು ಕಂಡ್ರೆ ಎಲ್ಲೋ ಲೋಹದ ಚೂರು ಸಿಕ್ಕಿಕೊಂಡಿದೆ ಅಂತ ಅರ್ಥ. ಹೋಳುಗಳು ಒಂದಕ್ಕೊಂದು ಸೇರೋ ಮುಖದ ಮೇಲಿರೋ ಕೂದಲೆಳೆಯಂಥ ಗೀರುಗಳನ್ನ ಮಾತ್ರ ಉಜ್ಜಿ ತೆಗೆಯೋಕೆ ಹೋಗ್ಬೇಡಿ, ಅವು ಗಾಳಿ ಹೊರಗೆ ಹೋಗೋ ದಾರಿ, ಲೋಹ ನುಗ್ಗುವಾಗ ಗಾಳಿಗೆ ಜಾಗ ಬೇಕಲ್ಲ.

ಆಮೇಲೆ ಎರಡು ಮೂರು ಸಲ ಬಿಸಿ ಮಾಡಿ ಪೂರ್ತಿ ತಣಿಯೋಕೆ ಬಿಡ್ತಾರೆ. ಬೀಡಿನ ಮೇಲೆ ತೆಳುವಾದ ಆಕ್ಸೈಡ್ ಪದರ ಕೂರತ್ತೆ, ಬಣ್ಣ ಸ್ವಲ್ಪ ಕಂದು ಸ್ವಲ್ಪ ನೀಲಿ, ಅದು ಬಂದ್ಮೇಲೆ ಗುಂಡು ಸಲೀಸಾಗಿ ಬಿಟ್ಕೊಳತ್ತೆ. ಕೆಲವರು ಬೆಂಕಿಕಡ್ಡಿ ಮಸಿ ಹಿಡಿಸ್ತಾರೆ. ಅದರಿಂದ ಲೋಹ ಚೆನ್ನಾಗಿ ತುಂಬೋದು ನಿಜ, ಆದ್ರೆ ಮಸಿ ಒಂದು ಪದರ ಕೂತಷ್ಟೂ ಕುಳಿ ಚಿಕ್ಕದಾಗತ್ತೆ. ಥೌ ಲೆಕ್ಕದಲ್ಲಿ ದುಡ್ಡು ಕೊಟ್ಟು ಮಾಡಿಸಿದ ಅಚ್ಚಿಗೆ ಮಸಿ ಬಳಿಯೋದು ನನಗಂತೂ ಇಷ್ಟ ಆಗಲ್ಲ.

ಪಾಟ್ 370ರಿಂದ 400 ಡಿಗ್ರಿ. ಮೇಲೆ ಕಟ್ಟೋ ಕಿಟ್ಟವನ್ನ ತೆಗೆದು ಬಿಸಾಕೋಕೆ ಮುಂಚೆ ಒಂಚೂರು ಮೇಣ ಹಾಕಿ ತಿರುವಿದ್ರೆ ಅದ್ರಲ್ಲಿರೋ ತವರದ ಆಕ್ಸೈಡ್ ಮತ್ತೆ ಲೋಹವಾಗಿ ಕೆಳಗಿಳಿಯತ್ತೆ. ಅಚ್ಚಿನ ತಲೆ ಮೇಲೆ ಸ್ಪ್ರೂ ಪ್ಲೇಟ್ ಅಂತ ಒಂದು ತಿರುಗೋ ತಗಡು, ಮಧ್ಯೆ ಆಲಿಕೆ ಥರದ ತೂತು. ಇದರ ಸ್ಕ್ರೂ ಬಿಗಿ ಮಾಡ್ಬಾರ್ದು, ಅಚ್ಚನ್ನ ಓರೆ ಮಾಡಿದ್ರೆ ತಗಡು ತನ್ನ ಭಾರಕ್ಕೇ ಜಾರ್ಬೇಕು, ಹಾಗಂತ ಅಲುಗಾಡ್ಲೂಬಾರ್ದು. ಹೊಯ್ದ ಮೇಲೆ ತೂತಿನ ಮೇಲೆ ಧಾರಾಳವಾಗಿ ಒಂದು ಗುಪ್ಪೆ ಲೋಹ ಬಿಡ್ಬೇಕು, ಜಿಪುಣತನ ಮಾಡ್ಬಾರ್ದು, ಯಾಕಂದ್ರೆ ಕೆಳಗೆ ಗುಂಡು ಕುಗ್ತಾ ಇರುವಾಗ ಅದಕ್ಕೆ ಬೇಕಾದ ಲೋಹವನ್ನ ಮೇಲಿನ ಗುಪ್ಪೆಯೇ ಕೊಡೋದು. ಆ ಗುಪ್ಪೆ ಥಳಥಳ ಹೊಳೀತಾ ಇರತ್ತೆ, ನೋಡ್ತಾ ಇದ್ದಂಗೇ ನಡುವೆ ಒಂದು ಸಣ್ಣ ಗುಳಿ ಬೀಳತ್ತೆ, ಆಮೇಲೆ ಒಂದು ಕ್ಷಣದಲ್ಲಿ ಹೊಳಪು ಹೋಗಿ ಮಂಕಾಗತ್ತೆ. ಗುಳಿ ಬಿತ್ತು ಅಂದ್ರೆ ಕೆಳಗಿನ ಗುಂಡು ಲೋಹ ಎಳ್ಕೊಳ್ತು, ಮಂಕಾಯ್ತು ಅಂದ್ರೆ ಗಟ್ಟಿಯಾಯ್ತು. ಇನ್ನೆರಡು ಮೂರು ಸೆಕೆಂಡ್ ಬಿಟ್ಟು ದಪ್ಪ ಗ್ಲೌಸ್ ಹಾಕಿದ ಕೈಯಿಂದ ತಗಡು ತಿರುಗಿಸಿದ್ರೆ ಬೆಣ್ಣೆ ಕತ್ತರಿಸಿದ ಹಾಗೆ ತುಂಡಾಗತ್ತೆ. ಬೇಗ ತಿರುಗಿಸಿದ್ರೆ ಬುಡ ಕಿತ್ತು ಬರತ್ತೆ, ತಡವಾದ್ರೆ ಸುತ್ತಿಗೆ ಬೇಕಾಗತ್ತೆ. ಗುಂಡು ಬೀಳ್ಲಿಲ್ಲ ಅಂದ್ರೆ ಹ್ಯಾಂಡಲ್‌ನ ಕೀಲಿನ ಬೋಲ್ಟ್‌ಗೆ ಮರದ ಕಡ್ಡೀಲಿ ಮೆಲ್ಲಗೆ ತಟ್ಟಿ. ಹೋಳಿನ ಮೇಲೆ ಹೊಡೆದ್ರೋ, ದುಡ್ಡು ಕೊಟ್ಟು ಮಾಡಿಸಿದ ಅಳತೆ ಅಲ್ಲಿಗೇ ಮುಗೀತು.

ಮೊದಮೊದಲು ಸುಕ್ಕು, ಆಮೇಲೆ ಮೂಲೆಗಳು ದುಂಡಗೆ, ಆಮೇಲೆ ಗ್ರೂವ್‌ಗಳ ಅಂಚು ಚೂಪಾಗ್ತಾ ಬರತ್ತೆ, ಗುಂಡು ಬೆಳ್ಳಿ ಥರ ಹೊಳೆಯೋಕೆ ಶುರುವಾಗತ್ತೆ. ಹಾಗೇ ವೇಗ ಹೆಚ್ಚಿಸಿದ್ರೆ ಹೊಳಪು ಹೋಗಿ ಇಬ್ಬನಿ ಕೂತ ಹಾಗೆ ಬೂದು ಬಣ್ಣ ಬರತ್ತೆ, ಅಚ್ಚು ಜಾಸ್ತಿ ಕಾದಿದೆ ಅಂತ ಅರ್ಥ. ತೆಳುವಾಗಿ ಬೂದಾದ್ರೆ ಗುಂಡಿಗೆ ಏನೂ ಆಗಲ್ಲ, ನೋಡೋಕೆ ಚೆನ್ನಾಗಿರಲ್ಲ ಅಷ್ಟೇ. ಬೀಡಿನ ಅಚ್ಚಲ್ಲಿ ಸ್ವಲ್ಪ ಬೂದಾದಾಗ್ಲೇ ಅಂಚುಗಳು ಚೆನ್ನಾಗಿ ತುಂಬೋದು ಅನ್ನೋರೇ ಜಾಸ್ತಿ. ಎಲ್ಲಕ್ಕಿಂತ ಮುಖ್ಯ ಬುಡ. ಮೂತಿ ಮೇಲೆ ಸಣ್ಣ ಗೀರಿದ್ರೆ ನಡೆಯತ್ತೆ, ಬುಡದ ಅಂಚು ಮಾತ್ರ ಸುತ್ತಲೂ ಚೂಪಾಗಿರ್ಲೇಬೇಕು. ನಳಿಗೆಯಿಂದ ಗುಂಡು ಹೊರಬೀಳುವಾಗ ಕೊನೇಲಿ ಬಿಡೋದು ಬುಡ, ಹಿಂದಿಂದ ನುಗ್ಗೋ ಗ್ಯಾಸು ಒಂದು ಕಡೆ ಮುಂಚೆ ತಪ್ಪಿಸ್ಕೊಂಡ್ರೆ ಗುಂಡಿನ ಬುಡಾನ ಪಕ್ಕಕ್ಕೆ ತಳ್ಳತ್ತೆ, ದೂರದ ಗುರಿಯಲ್ಲಿ ಅದು ಎದ್ದು ಕಾಣತ್ತೆ.

ತಣ್ಣಗಾದ ಮೇಲೆ ಅಳತೆ. ಒಂದು ಸಲ ಹೋಳುಗಳ ಸೇರುಗೆರೆಗೆ ಅಡ್ಡಲಾಗಿ, ಇನ್ನೊಂದು ಸಲ ಗೆರೆ ಮೇಲೆ. ಎರಡೂ ಅರ್ಧ ಥೌ ಒಳಗೆ ತಾಳೆ ಆದ್ರೆ ಅಚ್ಚು ಮಾಡಿದವರ ಕೈಗೆ ನಮಸ್ಕಾರ. ಸೇರುಗೆರೆಗೆ ಅಡ್ಡಲಾಗಿ ಅಳೆದದ್ದು ಜಾಸ್ತಿ ಬಂದ್ರೆ ಹೋಳುಗಳು ಪೂರ್ತಿ ಮುಚ್ಕೊಳ್ತಿಲ್ಲ, ಮುಖದ ಮೇಲೆ ಸೀಸದ ಸಿಪ್ಪೆ ಅಂಟಿದ್ಯಾ ನೋಡಿ. ಆಮೇಲೆ ತೂಕ, ಹೊಯ್ದ ಸಾಲಲ್ಲೇ ತೂಗಿದ್ರೆ ಒಳ್ಳೇದು. ಗುಂಡಿಗೆ ಅದರ ಗರಿಷ್ಠ ತೂಕ ಮೀರೋಕಾಗಲ್ಲ, ಕುಳಿ ಇರೋದೇ ಅಷ್ಟು, ಹಾಗಾಗಿ ವ್ಯತ್ಯಾಸ ಬಂದ್ರೆ ಸಾಮಾನ್ಯವಾಗಿ ಕೆಳಗೇ ಬರತ್ತೆ. 500ರ ಗುಂಡುಗಳ ನಡುವೆ ಒಂದು 496 ಬಂತು ಅಂದ್ರೆ ಹೊರಗೆ ಎಷ್ಟೇ ಚೆನ್ನಾಗಿ ಕಂಡ್ರೂ ಒಳಗೆ ಗಾಳಿಗುಳ್ಳೆ ಇದೆ ಅಂತ ತಿಳ್ಕೊಂಡು ವಾಪಸ್ ಪಾಟ್‌ಗೆ.

ಅಪಾಯದ ವಿಷಯ. ಜನ ಹೆದರೋದು ಸೀಸದ ಹೊಗೆಗೆ, ಈ ತಾಪದಲ್ಲಿ ಸೀಸ ಆವಿಯಾಗೋದು ತೀರಾ ಕಮ್ಮಿ. ನಿಜವಾದ ಕಳ್ಳ ಅಂದ್ರೆ ಕಿಟ್ಟದ ಪುಡಿ, ಬೂದುಬಣ್ಣದ ಹಿಟ್ಟಿನ ಥರ ಇರೋದು, ಅದು ಕೈಗೆ, ಬಟ್ಟೆಗೆ, ಅಲ್ಲಿಂದ ಬಾಯಿಗೆ. ಪಕ್ಕದಲ್ಲಿ ಕಾಫಿ ಲೋಟ ಇಟ್ಕೊಂಡು ಗುಂಡು ಹೊಯ್ಯೋರನ್ನ ನೋಡಿದ್ರೆ ನನಗೆ ಮೈ ಉರಿಯತ್ತೆ. ಮಕ್ಕಳ ರಕ್ತದಲ್ಲಿ ಡೆಸಿಲೀಟರ್‌ಗೆ 3.5 ಮೈಕ್ರೋಗ್ರಾಂ ಸೀಸ ಇದ್ರೇ ಗಮನ ಕೊಡ್ಬೇಕು ಅಂತ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಮಿತಿಯನ್ನ ಇಳಿಸಿದೆ, ಅಂದ್ರೆ ಹೊಯ್ದ ಬಟ್ಟೇಲಿ ಮಗು ಎತ್ಕೊಳ್ಳೋದು ಬೇಡ. ಪೊರಕೆ ಹಾಕ್ಬಾರ್ದು, ಒದ್ದೆ ಬಟ್ಟೇಲಿ ಒರೆಸ್ಬೇಕು.

ಇನ್ನೊಂದು ನೀರು. ಕರಗಿದ ಸೀಸದ ಕೆಳಗೆ ಒಂದು ಹನಿ ನೀರು ಹೋದ್ರೆ ಅದು ಆವಿಯಾಗಿ ಸಾವಿರದ ಏಳ್ನೂರು ಪಟ್ಟು ಹಿಗ್ಗತ್ತೆ, ಪಾಟ್ ಅಲ್ಲಿದ್ದದ್ದು ಛಾವಣಿ ಮೇಲಿರತ್ತೆ. ಅದಕ್ಕೇ ಚಳೀಲಿ ಗ್ಯಾರೇಜಲ್ಲಿ ಬಿದ್ದಿದ್ದ ತಣ್ಣಗಿನ ಸೀಸದ ಗಟ್ಟಿಯನ್ನ ತುಂಬಿದ ಪಾಟ್‌ಗೆ ಸೀದಾ ಹಾಕ್ಬಾರ್ದು, ಅದರ ಮೇಲೆ ಕಣ್ಣಿಗೆ ಕಾಣದ ತೇವ ಇರತ್ತೆ, ಪಾಟ್ ಅಂಚಲ್ಲಿಟ್ಟು ಬಿಸಿ ಮಾಡಿ ಆಮೇಲೆ ಇಳಿಸ್ತಾರೆ. ಗಾಡಿ ಚಕ್ರದ ತೂಕ ಸಮ ಮಾಡೋಕೆ ಹಾಕೋ ಹಳೇ ವೀಲ್ ವೆಯ್ಟ್‌ಗಳಿಂದ ಸೀಸ ತೆಗೆಯೋರಿಗೆ ಈಗ ಸತುವಿನ ಕಾಟ ಬೇರೆ. ಕ್ಯಾಲಿಫೋರ್ನಿಯಾ ಥರದ ರಾಜ್ಯಗಳು ಸೀಸದ ವೀಲ್ ವೆಯ್ಟ್ ನಿಷೇಧ ಮಾಡಿದ ಮೇಲೆ ಸತು, ಕಬ್ಬಿಣದವು ಬಂದಿವೆ, ಸತು ಬೆರೆತ್ರೆ ಲೋಹ ಗಂಜಿ ಥರ ಆಗಿ ಕುಳಿ ತುಂಬೋದೇ ಇಲ್ಲ. ಅದೃಷ್ಟಕ್ಕೆ ಸತು ಕರಗೋದು 419 ಡಿಗ್ರಿಗೆ, ಪಾಟ್‌ನ 370 ದಾಟಿಸದೇ ಕರಗಿಸಿದ್ರೆ ಸತುವಿನ ತುಂಡು ಹಾಗೇ ತೇಲತ್ತೆ, ಸೌಟಲ್ಲಿ ಎತ್ತಿ ಬಿಸಾಕ್ಬೋದು.

ಇಷ್ಟೆಲ್ಲ ಆಗಿ 0.460 ಕೇಳಿದ್ದಕ್ಕೆ 0.4585 ಬಂತು ಅನ್ಕೊಳಿ. ಗಾಬರಿ ಆಗೋಕೆ ಮುಂಚೆ ಅಚ್ಚು ಇನ್ನೂ ಬಿಸಿ ಮಾಡಿ ನೋಡಿ, ಸರಿಯಾಗಿ ತುಂಬದ ಗುಂಡೂ ತೆಳ್ಳಗೇ ಇರತ್ತೆ. ಆಮೇಲೂ ಹಾಗೇ ಬಂದ್ರೆ ಅಲಾಯ್‌ಗೆ ಸ್ವಲ್ಪ ಆಂಟಿಮನಿ ಸೇರಿಸಿದ್ರೆ ಅರ್ಧ ಥೌ, ಒಂದು ಥೌ ಸಿಗ್ಬೋದು, ಕರಿಮದ್ದಿನ ಬಂದೂಕಿನೋರು ಇದಕ್ಕೆ ಒಪ್ಪಲ್ಲ, ಅವರಿಗೆ ಸೀಸ ತವರ ಎರಡೇ ಸಾಕು. ಇನ್ನೊಂದು ದಾರಿ ಕುಳಿಯನ್ನೇ ಉಜ್ಜಿ ಅಗಲ ಮಾಡೋದು. ಒಂದು ಗುಂಡಿಗೆ ಸ್ಕ್ರೂ ಹೊಡೆದು, ಮೈಗೆ ಮೆರುಗು ಕೊಡೋ ನುಣ್ಣನೆ ಪೇಸ್ಟ್ ಸವರಿ, ಮುಚ್ಚಿದ ಅಚ್ಚೊಳಗೆ ಕೈಯಿಂದ ತಿರುಗಿಸ್ತಾರೆ, ಬೀಡು ಗಟ್ಟಿ ಇರೋದ್ರಿಂದ ನಿಧಾನ, ಆದ್ರೆ ನಿಧಾನ ಆಗೋದ್ರಿಂದಾನೇ ಕೈ ತಪ್ಪೋ ಭಯ ಕಮ್ಮಿ. ದಪ್ಪ ಬಂದ್ರೆ ಸುಲಭ, ಸೈಜಿಂಗ್ ಡೈ ಅನ್ನೋ ಉಕ್ಕಿನ ಉಂಗುರದಲ್ಲಿ ಗುಂಡನ್ನ ದಬ್ಬಿ ಒಂದೆರಡು ಥೌ ಇಳಿಸ್ಬೋದು. ಅಚ್ಚು ಮಾಡಿಸುವಾಗ ಅನುಮಾನ ಬಂದ್ರೆ ಒಂದು ಥೌ ದಪ್ಪಕ್ಕೇ ಹೇಳಿ ಅಂತ ಹಳಬರು ಹೇಳೋದು ಇದಕ್ಕೇ. ಅಚ್ಚನ್ನ ಎತ್ತಿಡುವಾಗ ಕೊನೆ ಗುಂಡನ್ನ ಒಳಗೇ ಬಿಟ್ಟು ಹಾಗೇ ತಣಿಸೋರು ಇದಾರೆ, ಎಣ್ಣೆ ಸವರಿ ಇಡೋರೂ ಇದಾರೆ. ನಮ್ಮ ಕರಾವಳಿ ಥರ ತೇವ ಇರೋ ಜಾಗ ಆದ್ರೆ ನಾನಂತೂ ಎಣ್ಣೆ ಪಾರ್ಟಿ, ಜೊತೆಗೆ ಡಬ್ಬಕ್ಕೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ, ಮುಚ್ಚಳದ ಮೇಲೆ ಯಾವ ಅಲಾಯ್‌ಗೆ ಎಷ್ಟು ಅಳತೆ ಎಷ್ಟು ತೂಕ ಬಂತು ಅಂತ ಮಾರ್ಕರಲ್ಲಿ ಬರೆದು.